ಪುಸ್ತಕದಲ್ಲಿರುವ ಉತ್ತರ

"ಬಾಗಿಲು ಹಾಕ್ಲಾ ಸಾರ್?" ಎಂದು ಕೇಳಿದಳು ಸಂಶೋಧಕಿ.

"ಬೇಡಮ್ಮ, ಗಾಳಿ ಆಡ್ಲಿ" ಎಂದರು ಪೌರನೀತಿ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಗಾಳಿಯ ಸುಳಿವೇ ಇರಲಿಲ್ಲ. ಆದರೆ ತೆರೆದ ಬಾಗಿಲೆದುರು ಆಡಿದ ಮಾತನ್ನು ಯಾರೂ ಗುಟ್ಟು ಎನ್ನುವಂತಿಲ್ಲ. ಹೋದ ವರ್ಷ ಚರಿತ್ರೆ ಮೇಷ್ಟ್ರು ಹೀಗೇ ಹೊರಗಿನವರೊಬ್ಬರ ಮುಂದೆ ಮನಸ್ಸು ಬಿಚ್ಚಿದ್ದರು. ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು, ಬಸ್ಸೂ ಹೋಗದ ಊರಿಗೆ ವರ್ಗವಾಗಿ ಹೋದರು. ಚಾಡಿ ಹೇಳಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಪೌರನೀತಿ ಮೇಷ್ಟ್ರ ಅನುಮಾನ ಮಾತ್ರ ಹೆಡ್‌ಮಾಸ್ಟರ ಮೇಲೆ.

ಅವಳು ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದಳು. "ಬೇರೆ ಬೇರೆ ದೇಶದ ಮೇಷ್ಟ್ರುಗಳಿಗೆಲ್ಲ ಇದೇ ಕೇಳ್ತಿದೀವಿ ಸಾರ್. ಮಕ್ಕಳಿಗೆ ಪೌರನೀತಿ ಯಾಕೆ ಕಲಿಸ್ಬೇಕು?"

"ಕಾನೂನು ಪಾಲಿಸೋಕೆ. ತೆರಿಗೆ ಕಟ್ಟೋಕೆ. ದೊಡ್ಡವರಾದ ಮೇಲೆ ವೋಟು ಹಾಕೋಕೆ."

"ಪ್ರಶ್ನೆ ಕೇಳೋಕೆ?"

"ಪಾಠ ಅರ್ಥ ಆಗದಿದ್ರೆ ಕೇಳ್ಬಹುದು."

"ಸರ್ಕಾರ ತಪ್ಪು ಮಾಡಿದ್ರೆ?"

ಇವಳನ್ನು ಕಳಿಸಿದವರು ಯಾರು? ಮೇಷ್ಟ್ರು ಫೋನಿನ ಕೆಂಪು ಚುಕ್ಕೆಯನ್ನೇ ನೋಡಿದರು. "ಅದನ್ನ ನೋಡ್ಕೊಳ್ಳೋಕೆ ದೊಡ್ಡವರಿದ್ದಾರಮ್ಮ" ಎಂದರು. ಸರ್ಕಾರದವರು ಆಟದ ಮೈದಾನಕ್ಕೆ ಬೇಲಿ ಹಾಕಿದ್ದು ಸರಿಯೇ ಎಂದು ಆ ಬೆಳಿಗ್ಗೆ ತಾನೆ ಅವರು ಒಂಬತ್ತನೇ ತರಗತಿಯನ್ನು ವಾದಕ್ಕೆ ಹಚ್ಚಿದ್ದರು. ಸರಿಯಲ್ಲ ಎಂದು ಮೇಜು ಕುಟ್ಟಿದ ಹುಡುಗಿಯ ಬೆನ್ನು ತಟ್ಟಿದ್ದರು.

ಸಂಶೋಧಕಿ ಇನ್ನೇನೂ ಕೇಳಲಿಲ್ಲ. ನಮಸ್ಕಾರ ಹೇಳಿ ಹೊರಟುಹೋದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಮೇಷ್ಟ್ರು ಏಳುವಷ್ಟರಲ್ಲಿ ಹೆಡ್‌ಮಾಸ್ಟರು ಒಳಗೆ ಬಂದರು. ಕುರ್ಚಿ ಎಳೆದುಕೊಂಡರು, ಕೂರಲಿಲ್ಲ.

"ಏನು ಹೇಳಿದ್ರಿ ಅವಳಿಗೆ?"

"ಪುಸ್ತಕದಲ್ಲಿರೋದೇ ಸಾರ್. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಹೆಡ್‌ಮಾಸ್ಟರ ಮುಖ ಇಳಿಯಿತು. "ನಿಮಗಿಂತ ಮೊದಲು ನನ್ನನ್ನೂ ಇದೇ ಕೇಳಿದ್ಲು. ನಾನು ಹಾಗೆ ಹೇಳ್ಲಿಲ್ಲ ಮೇಷ್ಟ್ರೇ. ಹೆದರ್ಕೊಂಡು ಬೆಳೆದ ಮಕ್ಕಳಿಂದ ದೇಶಕ್ಕೇನು ಪ್ರಯೋಜನ ಅಂದೆ. ತಪ್ಪು ಯಾರದ್ದೇ ಆಗ್ಲಿ, ಎದ್ದು ನಿಂತು ಕೇಳೋದು ಕಲಿಸ್ಬೇಕು ಅಂದೆ. ನಿಮ್ಮ ಕ್ಲಾಸಿನ ಗಲಾಟೆ ದಿನಾ ನನ್ನ ಕಿಟಕಿಗೆ ಕೇಳ್ಸುತ್ತಲ್ಲ, ಆ ಧೈರ್ಯದಲ್ಲಿ ಬಾಯಿಬಿಟ್ಟೆ. ನೀವೂ ಹಾಗೇ ಹೇಳಿರ್ತೀರ ಅಂದ್ಕೊಂಡೆ."

ಮೇಷ್ಟ್ರ ನಾಲಗೆಯ ತುದಿಗೆ ಮಾತು ಬಂದಿತ್ತು. ಆದರೆ ಹುಳ ಸಿಕ್ಕಿಸಿದ ಗಾಳ ಮೀನಿಗೆ ಕಾಣುವುದೂ ಹೀಗೇ ಅಲ್ಲವೇ? ಚರಿತ್ರೆ ಮೇಷ್ಟ್ರ ಬಾಯಿಬಿಡಿಸಿದ್ದೂ ಇಂಥದೇ ಮೆತ್ತಗಿನ ಮಾತಾಗಿದ್ದರೆ?

"ನಾನು ಪಾಠ ಮಾಡ್ತೀನಿ ಅಷ್ಟೇ ಸಾರ್" ಎಂದರು. "ನನಗೆ ಬೇರೆ ಅಭಿಪ್ರಾಯ ಇಲ್ಲ."

ಹೆಡ್‌ಮಾಸ್ಟರು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ತಳ್ಳಿದರು.

"ಹಾಗಾದ್ರೆ ಇಡೀ ಶಾಲೆಯಲ್ಲಿ ಹಾಗೆ ಹೇಳಿದವನು ನಾನೊಬ್ಬನೇ."