ಚೌಕದ ಟೆಂಡರ್

ನಮ್ಮೂರ ಚೌಕ ಹೊಸದಾಗಿ ಮಾಡೋ ಟೆಂಡರ್ ಯಾರಿಗೆ ಅಂತ ಇವತ್ತು ಹೇಳ್ತಾರಂತೆ. ಕೆಲಸ ಶುರುವಾದ ದಿನವೇ ನಿಂಗಕ್ಕನ ಚುರುಮುರಿ ಗಾಡಿ ಎತ್ತಂಗಡಿ. ಪಾಪ, ಅಕ್ಕ ಬೆಳಗ್ಗೆಯಿಂದ ಈರುಳ್ಳಿ ಹೆಚ್ಚೋದು ಬಿಟ್ಟು ನಗರಸಭೆ ಬಾಗಿಲನ್ನೇ ನೋಡ್ತಿದ್ರು.

ನಾನೇ ಒಳಗೆ ಹೋಗಿ ಕೇಳ್ಕೊಂಡು ಬಂದೆ.

"ಯಾರಿಗಾಯ್ತೇ?"

"ಕಂಟ್ರಾಕ್ಟರ್ ಗುರುಪಾದಪ್ಪಂಗೆ ಅಕ್ಕ. ಸಂಜೆನೇ ಗುದ್ದಲಿ ಪೂಜೆಯಂತೆ."

ಅಕ್ಕನ ಮುಖ ಅರಳಿಬಿಡ್ತು. ದೊಡ್ಡ ಪೊಟ್ಟಣ ಕಟ್ಟಿ ನನ್ನ ಕೈಗಿಟ್ರು. "ತಿನ್ನು, ದುಡ್ಡು ಬೇಡ."

"ಅಲ್ಲ ಅಕ್ಕ, ನಾಳೆಯಿಂದ ಗಾಡಿ ಎಲ್ಲಿ ನಿಲ್ಲಿಸ್ತೀರ?"

"ಇಲ್ಲೇ ಕಣೇ. ಬಸ್‌ಸ್ಟ್ಯಾಂಡಿಗೂ ಅವನೇ ಪೂಜೆ ಮಾಡಿ ಏಳು ವರ್ಷ ಆಯ್ತು, ಆ ಗುದ್ದಲಿ ಇನ್ನೂ ಎರಡನೇ ಸಲ ನೆಲ ಮುಟ್ಟಿಲ್ಲ."