ಹಲಸಿನ ಪಕ್ಕದ ಪೈನ್ ಮರ

ಮಳೆಗಾಲದಲ್ಲಿ ಮರಗಳು ಒಂದಿಷ್ಟು ಸರಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಪಕ್ಕದವರ ನುಗ್ಗೆ ನಮ್ಮ ಬಚ್ಚಲ ಬಾಗಿಲಿಗೇ ಬಂದು ನಿಂತಿದೆ. ನನಗೆ ಚಿಂತೆ ಹಿತ್ತಲಿನ ಪೈನ್ ಮರದ್ದು. ಅದಕ್ಕೂ, ಚೊಚ್ಚಲ ಕಾಯಿ ಬಿಟ್ಟಿರುವ ಹಲಸಿಗೂ ನಡುವಿನ ಜಾಗ ದಿನೇದಿನೇ ಕಿರಿದಾಗುತ್ತಿತ್ತು. ಪರದೇಶದ ಮರ ಹಲಸಿನ ನೀರಿಗೆ ಹೊಂಚು ಹಾಕಿದೆಯೆಂದು, ಅದನ್ನು ಕಡಿಯಲು ಕೂಲಿಯಾಳು ಚೌಡಣ್ಣನಿಗೆ ಹೇಳಿಬಿಟ್ಟೆ.

"ಹೊರಗಿನವರೆಲ್ಲ ಕಳ್ಳರೇ ನಿನಗೆ. ಮೊದ್ಲು ಗುರುತು ಹಾಕಿ ನೋಡೇ," ಎಂದರು ನನ್ನ ಗಂಡ. ಎರಡೂ ಬುಡಗಳ ಸುತ್ತ ಸುಣ್ಣದ ಗೆರೆ ಎಳೆದೆ.

ಬೆಳಿಗ್ಗೆ ನೋಡಿದರೆ ಪೈನ್ ತನ್ನ ಗೆರೆಯೊಳಗೇ ಇತ್ತು. ಹಲಸೇ ತನ್ನ ಗೆರೆ ದಾಟಿ, ಕಾಯಿಗಳ ಸಮೇತ ಅದರತ್ತ ಸರಿದಿತ್ತು.

"ಶುರು ಮಾಡ್ಲಾ ಅಮ್ಮಾ?" ಕೊಡಲಿ ಹಿಡಿದು ಬಂದ ಚೌಡಣ್ಣ ಕೇಳಿದ.

"ಬೇಡ ಚೌಡಣ್ಣ," ಎಂದೆ. "ಹಲಸನ್ನ ಒಂದು ಮಾತು ಕೇಳಿರ್ಲಿಲ್ಲ ನಾನು."