ಕೆಳಗಿನ ಕೈ

ತೋಟದ ಮನೆಯ ಈಜುಕೊಳದ ನೀರು ಖಾಲಿ ಮಾಡಿಸಿದ್ದರು. ಕೊಳದ ಬಾಯಿ ಮುಚ್ಚುವ ಹರಿದ ಹೊದಿಕೆ ಹೊಲಿಯಲು ಇಬ್ಬರು ಬೇಕು. ಮೇಲಿನವರು ಚುಚ್ಚಿದ ದಬ್ಬಳವನ್ನು ಕೆಳಗಿನವರು ಮತ್ತೆ ಮೇಲಕ್ಕೆ ಚುಚ್ಚಿ ಕೊಡಬೇಕು. ಕಾವಲಿನ ಚಿಕ್ಕಣ್ಣ ಮೇಲೆ ಕೂತಿದ್ದ. ಹೆಂಡತಿ ಜವರಮ್ಮ ಆಳೆತ್ತರದ ಕೊಳದೊಳಗೆ, ಕತ್ತಲಲ್ಲಿ ನಿಂತಿದ್ದಳು. ಹೊದಿಕೆಯ ಸುತ್ತಲ ಹಗ್ಗವನ್ನೆಲ್ಲ ಅವನು ಮೊದಲೇ ಬಿಗಿದಿದ್ದ.

“ತಂಗಿ ಬಾಣಂತನಕ್ಕೆ ಕಳಿಸ್ತೀನಿ ಅಂತ ನೀನೇ ಅಂದಿದ್ದೆ. ಈಗಿನ ಬಸ್ಸಿಗೆ ಹೋಯ್ತೀನಿ.”

“ಮೊದ್ಲು ಇದು ಮುಗೀಲಿ.”

“ಮೊನ್ನೆ ಬೇಲಿ ಮುಗೀಲಿ ಅಂದೆ.”

“ನೀ ಹೋದ್ರೆ ನಂಗೆ ಮುದ್ದೆ ಯಾರಮ್ಮಿ ತೊಳಸೋರು? ಚುಚ್ಚು, ಚುಚ್ಚು.”

ಅವಳು ಒಳಗಿಳಿದಿದ್ದ ಸೀಳು ಕಿರಿದಾಗುತ್ತ ಅಂಗೈಯಗಲಕ್ಕೆ ಬಂತು. ಬಸ್ಸು ಬರುವಷ್ಟರಲ್ಲಿ ಅದೂ ಮುಚ್ಚುತ್ತದೆಂದು ಚಿಕ್ಕಣ್ಣ ಒಳಗೊಳಗೇ ನಕ್ಕ.

“ಕೆಳಗೆ ನೂಲು ಗಂಟಾಯ್ತು. ನಿನ್ ಪಕ್ಕದ ಆ ಕುಡುಗೋಲು ಕೊಡು.”

ಸದ್ಯ, ಸಿಟ್ಟು ಇಳಿಯಿತಲ್ಲ ಎಂದುಕೊಂಡು ಅವನು ಕುಡುಗೋಲನ್ನು ಸಂದಿಯಲ್ಲಿ ಇಳಿಬಿಟ್ಟ. ಕೊನೆಯ ಹೊಲಿಗೆಗೆ ದಬ್ಬಳ ಚುಚ್ಚಿ ಕಾದ. ಅದು ಮೇಲಕ್ಕೆ ಬರಲಿಲ್ಲ.

“ಏಯ್, ಮುನಿಸ್ಕೊಂಡ್ಯಾ? ಸೀರೆ ಕೊಡಿಸ್ತೀನಿ, ಚುಚ್ಚು.”

ಗೇಟಿನಾಚೆ ಬಸ್ಸು ನಿಂತು ಹೊರಟ ಸದ್ದಾಯಿತು. ಚಿಕ್ಕಣ್ಣ ತಲೆಯೆತ್ತಿದ. ಕೊಳದ ಆಚೆ ಬದಿಯ ಮೆಟ್ಟಿಲ ಮೇಲೆ ಹೊದಿಕೆ ಹೊಸದಾಗಿ, ಒಬ್ಬಾಳು ಹಾಯುವಷ್ಟು ಸೀಳಿತ್ತು.